ಊರಿನ ನಾಲಿಗೆಯಲ್ಲಿ ಪೋಸ್ಟ್-ಪಂಕ್: ಫಾಂಟೇನ್ಸ್ ಡಿ.ಸಿ. ಮತ್ತು ಡಬ್ಲಿನ್

ಎರಡು ನಿಮಿಷವೂ ಇಲ್ಲದ ಹಾಡು ಅದು. ಹೆಸರು 'ಬಿಗ್'. 2019ರ ಏಪ್ರಿಲ್‌ನಲ್ಲಿ ಬಂದ 'ಡಾಗ್ರೆಲ್' ಆಲ್ಬಮ್ಮಿನ ಮೊದಲ ಹಾಡು. ಡ್ರಮ್ಮು ಒಂದೇ ಸಮನೆ ಬಡಿಯುತ್ತದೆ, ಗಿಟಾರಿನ ತಂತಿ ಉಜ್ಜಿದ ಹಾಗೆ ಕೇಳುತ್ತದೆ. ಅದರ ಮೇಲೆ ಒಬ್ಬ ಹುಡುಗ ಮಾತೂ ಅಲ್ಲದ, ಹಾಡೂ ಅಲ್ಲದ ದನಿಯಲ್ಲಿ, ಮಳೆಯಲ್ಲಿ ನೆಂದ ಡಬ್ಲಿನ್ ತನ್ನದು ಎನ್ನುತ್ತಾನೆ. ಮೊದಲ ಸಲ ಕೇಳಿದಾಗ ಅರ್ಧಕ್ಕರ್ಧ ಪದಗಳು ನನಗೆ ದಕ್ಕಲಿಲ್ಲ. ಆದರೂ ಯಾವುದೋ ಒಂದು ಊರಿನ ಬೀದಿಯಲ್ಲಿ ನನ್ನನ್ನು ತಂದು ನಿಲ್ಲಿಸಿದ್ದಾರೆ ಅನ್ನುವುದು ಮಾತ್ರ ಸ್ಪಷ್ಟವಾಗಿತ್ತು. ಹಾಡು ಮುಗಿದ ಮೇಲೆ ಕಾಡಿದ ಪ್ರಶ್ನೆ ಒಂದೇ: ಪದವೇ ಅರ್ಥವಾಗದಿದ್ದರೆ ಊರು ಹೇಗೆ ಅರ್ಥವಾಯಿತು?

ಫಾಂಟೇನ್ಸ್ ಡಿ.ಸಿ. ಐರ್ಲೆಂಡಿನ ಡಬ್ಲಿನ್ನಿನಲ್ಲಿ ಕೂಡಿಕೊಂಡ ಐವರ ತಂಡ. ಒಂದು ತಂಡದ ಮೇಲೆ ಅದರ ಊರಿನ ಪ್ರಭಾವ ಎಂದಾಗ ನಾವು ಸಾಮಾನ್ಯವಾಗಿ ಹುಡುಕುವುದು ಬೀದಿಯ ಹೆಸರು, ಹೊಳೆಯ ಹೆಸರು, ಹೋಟೆಲಿನ ಹೆಸರು. ಅವು ಇಲ್ಲಿಯೂ ಇವೆ. 'ಲಿಬರ್ಟಿ ಬೆಲ್' ಅನ್ನುವ ಹಾಡಿದೆ, 'ದಿ ಲಾಟ್ಸ್' ಎಂದು ಡಬ್ಲಿನ್ನಿನ ಒಂದು ಸಣ್ಣ ಓಣಿಯ ಹೆಸರಿನ ಹಾಡಿದೆ, ಆಲ್ಬಮ್ಮಿನ ಕೊನೆಗೆ 'ಡಬ್ಲಿನ್ ಸಿಟಿ ಸ್ಕೈ' ಇದೆ. ಆದರೆ ಹೆಸರು ಹೇಳಿದ ಮಾತ್ರಕ್ಕೆ ಊರು ಬರುವುದಿಲ್ಲ. ಸಿನಿಮಾ ಹಾಡುಗಳಲ್ಲಿ ಎಷ್ಟು ಊರುಗಳ ಹೆಸರು ಬಂದು ಹೋಗಿಲ್ಲ! ಈ ತಂಡದಲ್ಲಿ ಊರು ಬಂದಿರುವುದು ಬಾಯಿ ತೆರೆಯುವ ರೀತಿಯಲ್ಲಿ. ಸೋಜಿಗವೆಂದರೆ, ಈ ಐವರಲ್ಲಿ ಡಬ್ಲಿನ್ ನಗರದ ನಡುವೆಯೇ ಹುಟ್ಟಿ ಬೆಳೆದವರು ಒಬ್ಬರೂ ಇಲ್ಲ. ಆ ವಿಚಾರಕ್ಕೆ ಬರುವ ಮುನ್ನ ಈ ಸಂಗೀತದ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

1976-77ರಲ್ಲಿ ಲಂಡನ್ನಿನಲ್ಲಿ ಪಂಕ್ ಸಿಡಿಯಿತು. ಗಿಟಾರಿನಲ್ಲಿ ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿಯಲು ಬಂದರೆ ಸಾಕು, ವೇದಿಕೆ ಹತ್ತಬಹುದು ಎಂದಿತು ಪಂಕ್. ಸಿಟ್ಟು ಇತ್ತು, ವೇಗ ಇತ್ತು, ಆದರೆ ಒಂದೆರಡು ವರ್ಷದಲ್ಲೇ ಅದು ತನ್ನನ್ನು ತಾನೇ ನಕಲು ಮಾಡತೊಡಗಿತು. ಆಗ ಕೆಲವರು ಆ ಸಿಟ್ಟನ್ನು ಉಳಿಸಿಕೊಂಡು ವೇಗವನ್ನು ಪಕ್ಕಕ್ಕಿಟ್ಟರು. ಮ್ಯಾಂಚೆಸ್ಟರಿನ ಜಾಯ್ ಡಿವಿಷನ್, ದಿ ಫಾಲ್, ಲೀಡ್ಸ್‌ನ ಗ್ಯಾಂಗ್ ಆಫ್ ಫೋರ್, ಲಂಡನ್ನಿನ ಪಬ್ಲಿಕ್ ಇಮೇಜ್ ಲಿಮಿಟೆಡ್ ಇವರೆಲ್ಲ ಆ ಸಾಲಿನವರು. ಪಂಕ್ ಆದ ಮೇಲೆ ಬಂದದ್ದರಿಂದ ಪೋಸ್ಟ್-ಪಂಕ್ ಎಂಬ ಹೆಸರು. ಅದನ್ನು ಕಿವಿಯಿಂದ ಗುರುತಿಸುವುದು ಕಷ್ಟವಲ್ಲ. ಮಾಮೂಲಿ ರಾಕ್ ಹಾಡಿನಲ್ಲಿ ಗಿಟಾರು ಮುಂದೆ, ತಗ್ಗಿನ ಸ್ವರದ ಬೇಸ್ ಗಿಟಾರು ಹಿಂದೆ. ಇಲ್ಲಿ ಬೇಸ್ ಗಿಟಾರೇ ಹಾಡನ್ನು ಎಳೆದುಕೊಂಡು ಹೋಗುತ್ತದೆ. ಡ್ರಮ್ಮು ಅಲಂಕಾರ ಮಾಡುವುದಿಲ್ಲ, ಕಾರ್ಖಾನೆಯ ಯಂತ್ರದ ಹಾಗೆ ಒಂದೇ ಲಯವನ್ನು ಬಿಡದೆ ಬಡಿಯುತ್ತದೆ. ಗಿಟಾರಿಗೆ ರಾಗ ಕಟ್ಟುವ ಕೆಲಸಕ್ಕಿಂತ ಗೀರುವ, ಕೆರೆಯುವ, ಗುಂಯ್‌ಗುಡುವ ಕೆಲಸವೇ ಹೆಚ್ಚು. ಇದೆಲ್ಲದರ ನಡುವೆ ಹಾಡುಗಾರನಿಗೆ ಒಂದು ದೊಡ್ಡ ಬಯಲು ಸಿಗುತ್ತದೆ. ಆ ಬಯಲಿನಲ್ಲಿ ಅವನು ಹಾಡಬೇಕೆಂದೇನೂ ಇಲ್ಲ. ಮಾತಾಡಬಹುದು, ಕೂಗಬಹುದು, ಒಂದೇ ಸಾಲನ್ನು ಹತ್ತು ಸಲ ಹೇಳಬಹುದು.

ನನ್ನ ಲೆಕ್ಕದಲ್ಲಿ ಪೋಸ್ಟ್-ಪಂಕ್‌ನ ಗುಟ್ಟು ಇರುವುದೇ ಇಲ್ಲಿ. ರಾಗ ಬಲವಾಗಿದ್ದರೆ ಉಚ್ಚಾರ ರಾಗಕ್ಕೆ ಬಾಗುತ್ತದೆ. ಸ್ವರವನ್ನು ಎಳೆದಾಗ ಎಲ್ಲರ ದನಿಯೂ ಹೆಚ್ಚುಕಡಿಮೆ ಒಂದೇ ಆಗುತ್ತದೆ. ರಾಗ ತೆಳುವಾಗಿ ಲಯ ಗಟ್ಟಿಯಾದಾಗ ಆಡುಮಾತು ತನ್ನ ಒರಟುತನದ ಸಮೇತ ಹಾಗೇ ಉಳಿಯುತ್ತದೆ. ದಿ ಫಾಲ್ ತಂಡದ ಮಾರ್ಕ್ ಇ. ಸ್ಮಿತ್ ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಲ್ಲೇ ಹಾಡಿದ್ದು ಅದಕ್ಕೆ. ಊರಿನ ಮಾತಿಗೆ ಇಷ್ಟು ಜಾಗ ಬಿಟ್ಟುಕೊಡುವ ರಾಕ್ ಪ್ರಕಾರ ಇನ್ನೊಂದಿಲ್ಲ. ಹಾಗಾಗಿ 2010ರ ದಶಕದ ಡಬ್ಲಿನ್ ಹುಡುಗರು ತಮ್ಮ ಊರನ್ನು ಹೇಳಲು ಹೊರಟಾಗ, ನಲವತ್ತು ವರ್ಷ ಹಳೆಯ ಈ ಅಚ್ಚು ಅವರ ಕೈಗೆ ಸರಿಯಾಗಿ ಕೂತಿತು.

ಈಗ ಊರಿಗೆ ಬರೋಣ. ಡಬ್ಲಿನ್ ನಗರದ ಹಳೆಯ ಕೋಟೆಗೋಡೆಯ ಹೊರಗೆ, ಪಶ್ಚಿಮ-ದಕ್ಷಿಣಕ್ಕೆ ಲಿಬರ್ಟೀಸ್ ಎಂಬ ಭಾಗವಿದೆ. ಮಧ್ಯಯುಗದಲ್ಲಿ ನಗರದ ಕಾನೂನು ಅಲ್ಲಿ ನಡೆಯುತ್ತಿರಲಿಲ್ಲ. ಮಠದವರದ್ದೋ ಇಗರ್ಜಿಯವರದ್ದೋ ಸ್ವಂತ ಆಡಳಿತ, ಸ್ವಂತ ನ್ಯಾಯಸ್ಥಾನ. ನಗರದ ಹಿಡಿತದಿಂದ ಬಿಡುಗಡೆ ಇದ್ದ ಜಾಗವಾದ್ದರಿಂದ ಲಿಬರ್ಟೀಸ್. 17ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ನೇಕಾರರು ಇಲ್ಲಿ ಮಗ್ಗ ಹೂಡಿದರು. ಆಮೇಲೆ ನೇಕಾರಿಕೆ ಬಿದ್ದುಹೋಗಿ ಬಡತನ ಉಳಿಯಿತು. 1759ರಲ್ಲಿ ಆರ್ಥರ್ ಗಿನ್ನೆಸ್ ಇಲ್ಲಿನ ಸೇಂಟ್ ಜೇಮ್ಸ್ ಗೇಟ್ ಬಳಿ ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಕ್ಕೆ ಜಾಗವನ್ನು ಭೋಗ್ಯಕ್ಕೆ ಬರೆಸಿಕೊಂಡು ಬಿಯರ್ ಕಾಯಿಸಲು ಶುರುಮಾಡಿದ. ಇವತ್ತಿಗೂ ಗಾಳಿ ಅತ್ತ ಬೀಸಿದಾಗ ಹುರಿದ ಬಾರ್ಲಿಯ ಕಮಟು ವಾಸನೆ ಆ ಬೀದಿಗಳನ್ನು ತುಂಬುತ್ತದೆ. ಕಾಫಿ ಬೀಜ ಹುರಿಯುವ ಅಂಗಡಿಯ ಮುಂದೆ ಹಾದುಹೋದವರಿಗೆ ಆ ವಾಸನೆಯ ಅಂದಾಜು ಸಿಗುತ್ತದೆ. ಇದು ಅದಕ್ಕಿಂತ ಸ್ವಲ್ಪ ಸಿಹಿ, ಸ್ವಲ್ಪ ಹಸಿ.

ಬ್ರಿಟಿಷರ ವಿರುದ್ಧ ಬಂಡೆದ್ದ ರಾಬರ್ಟ್ ಎಮ್ಮೆಟ್‌ನನ್ನು 1803ರಲ್ಲಿ ಕೊಂದದ್ದು ಇದೇ ಭಾಗದ ಥಾಮಸ್ ಸ್ಟ್ರೀಟಿನಲ್ಲಿ, ಸೇಂಟ್ ಕ್ಯಾಥರೀನ್ ಇಗರ್ಜಿಯ ಎದುರಿಗೆ. ಸಾಹಿತಿ ಜೊನಾಥನ್ ಸ್ವಿಫ್ಟ್ ಮೂವತ್ತಕ್ಕೂ ಹೆಚ್ಚು ವರ್ಷ ಡೀನ್ (ಮುಖ್ಯ ಪಾದ್ರಿ) ಆಗಿದ್ದ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಮೀತ್ ಸ್ಟ್ರೀಟಿನಲ್ಲಿ ಬೀದಿಬದಿ ವ್ಯಾಪಾರ ನಡೆಯುತ್ತದೆ. ತಲೆಮಾರುಗಳಿಂದ ಅಲ್ಲೇ ಇರುವ ಕುಟುಂಬಗಳ ಮಾತು, ಡಬ್ಲಿನ್ನಿನ ಉಳಿದವರ ಕಿವಿಗೂ ದಪ್ಪವೆನಿಸುವ ಮಾತು. ಇಂಥ ಜಾಗದ ನಡುವೆ, ಫ್ರಾನ್ಸಿಸ್ ಸ್ಟ್ರೀಟಿನಲ್ಲಿ, 2011ರಲ್ಲಿ ಬಿಮ್ ಎಂಬ ಆಧುನಿಕ ಸಂಗೀತದ ಕಾಲೇಜು ತೆರೆಯಿತು. ಐರ್ಲೆಂಡಿನ ಮೂಲೆಮೂಲೆಯಿಂದ ಗಿಟಾರು ಹೊತ್ತ ಹುಡುಗ ಹುಡುಗಿಯರು ಅಲ್ಲಿಗೆ ಬಂದರು. ಫಾಂಟೇನ್ಸ್ ಐವರು ಪರಿಚಯವಾದದ್ದು ಅಲ್ಲಿ. 'ದಿ ಮರ್ಡರ್ ಕ್ಯಾಪಿಟಲ್' ಎಂಬ ಇನ್ನೊಂದು ಪೋಸ್ಟ್-ಪಂಕ್ ತಂಡ ಹುಟ್ಟಿದ್ದೂ ಅದೇ ಕಾಲೇಜಿನಲ್ಲಿ.

ಐವರ ಊರುಗಳನ್ನು ನೋಡಿ. ಹಾಡುಗಾರ ಗ್ರಿಯಾನ್ ಚಾಟನ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಡಬ್ಲಿನ್ನಿನ ಉತ್ತರಕ್ಕಿರುವ ಸ್ಕೆರೀಸ್ ಎಂಬ ಕಡಲತೀರದ ಸಣ್ಣ ಊರಿನಲ್ಲಿ. ಬೇಸ್ ನುಡಿಸುವ ಕಾನರ್ ಡೀಗನ್, ಡ್ರಮ್ ಬಾರಿಸುವ ಟಾಮ್ ಕಾಲ್ ಇಬ್ಬರೂ ಪಶ್ಚಿಮದ ಮೇಯೋ ಜಿಲ್ಲೆಯ ಕ್ಯಾಸಲ್‌ಬಾರ್‌ನವರು. ಗಿಟಾರಿನ ಕಾನರ್ ಕರ್ಲಿ ಗಡಿಭಾಗದ ಮೊನಾಹನ್ ಜಿಲ್ಲೆಯವನು. ಇನ್ನೊಬ್ಬ ಗಿಟಾರಿಸ್ಟ್ ಕಾರ್ಲೋಸ್ ಓ'ಕಾನೆಲ್ ಸ್ಪೇನಿನ ಮ್ಯಾಡ್ರಿಡ್‌ನಿಂದ ಬಂದವನು. ಹೀಗಿದ್ದೂ ಇವರು ತಂಡದ ಹೆಸರಿನ ಕೊನೆಗೆ ಊರನ್ನು ಕಟ್ಟಿಕೊಂಡರು. ಗಾಡ್‌ಫಾದರ್ ಸಿನಿಮಾದಲ್ಲಿ ಬರುವ ಹಾಡುಗಾರ ಜಾನಿ ಫಾಂಟೇನ್ ಪಾತ್ರದಿಂದ ಮೊದಲ ಅರ್ಧ ಬಂತು. ಅಮೆರಿಕದಲ್ಲಿ ಅದೇ ಹೆಸರಿನ ಇನ್ನೊಂದು ತಂಡ ಇದ್ದದ್ದರಿಂದ ಹಿಂದೆ ಡಿ.ಸಿ. ಸೇರಿಸಿದರು. ಡಿ.ಸಿ. ಎಂದರೆ ಡಬ್ಲಿನ್ ಸಿಟಿ.

ಹೊರಗಿನಿಂದ ಬಂದವನ ಕಿವಿ ಬೇರೆ. ಬೆಂಗಳೂರಿಗೆ ಓದಲು ಬಂದ ಉತ್ತರ ಕರ್ನಾಟಕದ ಹುಡುಗನಿಗೆ ಇಲ್ಲಿನ ಆಟೋದವರ 'ಗುರು', 'ಮಗಾ' ಎದ್ದು ಕೇಳುವಷ್ಟು ಇಲ್ಲೇ ಹುಟ್ಟಿದವನಿಗೆ ಕೇಳುವುದಿಲ್ಲ. ಲಿಬರ್ಟೀಸಿನಲ್ಲಿ ಹುಟ್ಟಿದವನಿಗೆ ಬಾರ್ಲಿಯ ವಾಸನೆ ಮೂಗಿಗೆ ಹತ್ತುವುದೇ ಇಲ್ಲ, ಅದು ಗಾಳಿಯೇ ಆಗಿಹೋಗಿರುತ್ತದೆ. ಮೇಯೋದಿಂದ ಬಂದವನಿಗೆ ಅದು ಪ್ರತಿದಿನ ಹತ್ತುತ್ತದೆ. ಈ ಐವರು ಕಾಲೇಜು ಮುಗಿಸಿ ಅದೇ ಬೀದಿಗಳ ಪಬ್ಬುಗಳಲ್ಲಿ ಕೂತು ಸುತ್ತಲಿನ ಮಾತು ಕೇಳುತ್ತ, ಕವಿತೆ ಬರೆಯುತ್ತ ಕಳೆದರು. ಮೊದಲು ಅವರನ್ನು ಒಟ್ಟಿಗೆ ಹಿಡಿದಿಟ್ಟದ್ದು ಕವಿತೆ, ಸಂಗೀತವಲ್ಲ. 1950ರ ದಶಕದಲ್ಲಿ ಬಂಡೆದ್ದ ಅಮೆರಿಕದ ಬೀಟ್ ಕವಿಗಳ ಗುಂಗಿನಲ್ಲಿ 'ವ್ರೂಮ್' ಎಂದೂ, ಐರಿಷ್ ಕವಿಗಳ ಗುಂಗಿನಲ್ಲಿ 'ವೈಂಡಿಂಗ್' ಎಂದೂ ಎರಡು ಸಣ್ಣ ಸಂಕಲನಗಳನ್ನು ಹೊರತಂದರು. ಆಮೇಲೆ ಆ ಸಾಲುಗಳಿಗೆ ಡ್ರಮ್ಮು, ಬೇಸ್ ಸೇರಿದವು. ಮೊದಲ ಆಲ್ಬಮ್ಮಿನ ಹೆಸರೂ ಅದೇ ದಾರಿಯದು. ಡಾಗ್ರೆಲ್ ಅಂದರೆ ಛಂದಸ್ಸು ಸರಿ ಇಲ್ಲದ, ಜನಸಾಮಾನ್ಯರು ಕಟ್ಟಿ ಹಾಡುವ ಪದ್ಯ. ಪಂಡಿತರು ಮೂಗು ಮುರಿಯುವ ಆ ಬಗೆಯ ಹೆಸರನ್ನೇ ಅವರು ಹೆಮ್ಮೆಯಿಂದ ಇಟ್ಟುಕೊಂಡರು.

ಉಚ್ಚಾರದ ವಿಚಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಇಡೀ ವಿಷಯ ನಿಂತಿರುವುದು ಅದರ ಮೇಲೆ. ಇಂಗ್ಲಿಷ್ ರಾಕ್ ಹಾಡುವವರು ಎಲ್ಲಿಯವರೇ ಇರಲಿ, ಹಾಡುವಾಗ ಅಮೆರಿಕದವರಂತೆ ಹಾಡುವುದು ಬಹುಕಾಲದ ರೂಢಿ. ರಾಕ್ ಹುಟ್ಟಿದ್ದು ಅಲ್ಲಿ, ಕೇಳಿ ಕಲಿತದ್ದು ಅಲ್ಲಿನವರನ್ನು. ಐರ್ಲೆಂಡಿನಲ್ಲಿಯೂ ಅಷ್ಟೇ. ಜಾನಪದ ಹಾಡುವಾಗ ಮಾತ್ರ ಊರಿನ ಮಾತು ಬರುತ್ತಿತ್ತು. ದಿ ಡಬ್ಲಿನರ್ಸ್ ತಂಡದ ರಾನಿ ಡ್ರೂ, ಲ್ಯೂಕ್ ಕೆಲ್ಲಿ ಹಾಡಿದಾಗ ಅವರ ಗಂಟಲಿನಲ್ಲಿ ಡಬ್ಲಿನ್ ಇರುತ್ತಿತ್ತು. ರಾಕ್ ವೇದಿಕೆ ಹತ್ತಿದ ಕೂಡಲೇ ಹೆಚ್ಚಿನವರ ನಾಲಿಗೆ ಸಮುದ್ರ ದಾಟಿಬಿಡುತ್ತಿತ್ತು. ಡೇಮಿಯನ್ ಡೆಂಪ್ಸಿಯಂಥ ಕೆಲವರು ಹಟ ಹಿಡಿದು ಡಬ್ಲಿನ್ ಉಚ್ಚಾರದಲ್ಲೇ ಹಾಡಿದರು. ಚಾಟನ್ ಅದನ್ನು ಪೋಸ್ಟ್-ಪಂಕ್ ಬಡಿತದ ಮೇಲೆ ತಂದು ಕೂರಿಸಿದ.

ಆ ಉಚ್ಚಾರವನ್ನು ಕನ್ನಡದ ಕಿವಿಗೆ ತಿಳಿಸುವುದು ಸುಲಭ. ಇಂಗ್ಲೆಂಡಿನವರು 'ಥಿಂಕ್' ಎನ್ನುವಾಗ ನಾಲಿಗೆಯನ್ನು ಹಲ್ಲಿನ ನಡುವೆ ತೂರಿಸಿ ಗಾಳಿ ಬಿಡುತ್ತಾರೆ. ಐರಿಷ್ ಜನರಲ್ಲಿ ಹಲವರು ಅಲ್ಲಿ ನಮ್ಮ ಹಾಗೆಯೇ ನಾಲಿಗೆಯನ್ನು ಹಲ್ಲಿಗೆ ತಾಗಿಸಿ 'ತಿಂಕ್' ಎನ್ನುತ್ತಾರೆ. 'ದಟ್' ಅಂದಾಗ ನಮ್ಮದೇ 'ದ'. ಪದದ ಕೊನೆಯ 'ರ್' ಅನ್ನು ಲಂಡನ್ನಿನವರು ನುಂಗಿದರೆ ಐರಿಷರು ನಾವು ಹೇಳುವಂತೆಯೇ ಹೇಳುತ್ತಾರೆ. ಜೊತೆಗೆ ಡಬ್ಲಿನ್ನಿನ ದುಡಿಯುವ ವರ್ಗದ ಮಾತಿನಲ್ಲಿ ದೀರ್ಘ ಸ್ವರವನ್ನು ಎರಡಾಗಿ ಮುರಿಯುವ ಅಭ್ಯಾಸವಿದೆ. 'ಕ್ಲೀನ್' ಎಂಬುದು 'ಕ್ಲೀಯನ್' ಆಗುತ್ತದೆ. ಒಂದು ಅಕ್ಷರದ ಪದಕ್ಕೆ ಎರಡು ಬಡಿತ. ಡ್ರಮ್ಮಿನ ನೇರ ಲಯದ ಮೇಲೆ ಈ ಮುರಿದ ಸ್ವರಗಳು ಬಿದ್ದಾಗ ಒಂದು ಎಳೆದಾಟ ಹುಟ್ಟುತ್ತದೆ, ಅಂದರೆ ಉಚ್ಚಾರವೇ ಇನ್ನೊಂದು ತಾಳವಾದ್ಯವಾಗುತ್ತದೆ. ಪದ ಅರ್ಥವಾಗದೆಯೂ ನನಗೆ ಊರು ಕೇಳಿಸಿದ್ದು ಇದರಿಂದ ಎಂದು ಈಗ ತಿಳಿಯುತ್ತದೆ.

ತನ್ನ ನಾಲಿಗೆಯಲ್ಲೇ ಹಾಡಬೇಕು ಎಂಬ ಹಟ ಐರ್ಲೆಂಡಿಗೆ ಹೊಸದಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ವಾದವಿದೆ. ಆ ವಾದದ ಒಂದು ಎಳೆ ಕನ್ನಡಕ್ಕೂ ಬಂದು ಮುಟ್ಟಿದೆ. 19ನೇ ಶತಮಾನದ ಕೊನೆಯಲ್ಲಿ ಕವಿ ಯೇಟ್ಸ್ ಮತ್ತವನ ಗೆಳೆಯರು ಐರಿಷ್ ಸಾಹಿತ್ಯದ ಪುನರುಜ್ಜೀವನಕ್ಕೆ ಹೊರಟಾಗ ಆ ಗುಂಪಿನಲ್ಲಿದ್ದವರಲ್ಲಿ ಜೇಮ್ಸ್ ಕಸಿನ್ಸ್ ಎಂಬ ಕವಿಯೂ ಒಬ್ಬ. ಮುಂದೆ ಕಾದಂಬರಿಕಾರನಾಗಿ ಹೆಸರಾದ ಜೇಮ್ಸ್ ಜಾಯ್ಸ್ 1904ರಲ್ಲಿ ಇರಲು ಜಾಗವಿಲ್ಲದೆ ಅಲೆಯುತ್ತಿದ್ದಾಗ ಕೆಲ ದಿನ ತಂಗಿದ್ದು ಡಬ್ಲಿನ್ನಿನ ಈ ಕಸಿನ್ಸ್ ದಂಪತಿಯ ಮನೆಯಲ್ಲಿ. ಮುಂದೆ ಅದೇ ಕಸಿನ್ಸ್ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಯೊಬ್ಬ ತಾನು ಇಂಗ್ಲಿಷಿನಲ್ಲಿ ಬರೆದ ಕವಿತೆಗಳನ್ನು ಅವರಿಗೆ ತೋರಿಸಿದ. ನಿನ್ನ ಭಾಷೆಯಲ್ಲಿ ಬರೆ ಎಂದರು ಕಸಿನ್ಸ್. ಆ ವಿದ್ಯಾರ್ಥಿ ಕುವೆಂಪು. ಇಂಗ್ಲಿಷಿನ ನೆರಳಲ್ಲಿ ತನ್ನ ನುಡಿಯನ್ನು ಬಹುಪಾಲು ಕಳೆದುಕೊಂಡ ದೇಶದ ಕವಿಗೆ ಆ ಮಾತಿನ ಬೆಲೆ ಗೊತ್ತಿತ್ತು. ಕುವೆಂಪು ಅವರ ಬದುಕಿನ ಈ ಪ್ರಸಂಗ ನಮಗೆಲ್ಲ ಪರಿಚಿತ. ಅದನ್ನು ಡಬ್ಲಿನ್ನಿನ ಕಡೆಯಿಂದ ನೋಡಿದಾಗ ಈ ಪೋಸ್ಟ್-ಪಂಕ್ ಹುಡುಗರೂ ಅದೇ ಬಳ್ಳಿಯ ಕುಡಿ ಅನ್ನಿಸುತ್ತದೆ.

ತಂಡದವರು ಮತ್ತೆ ಮತ್ತೆ ನೆನೆಯುವ ಇನ್ನೊಬ್ಬ ಕವಿ ಪ್ಯಾಟ್ರಿಕ್ ಕವನಾ. ಕರ್ಲಿಯ ಮೊನಾಹನ್ ಜಿಲ್ಲೆಯ ರೈತ, ಹೊಲ ಬಿಟ್ಟು ಡಬ್ಲಿನ್ ಸೇರಿದವನು. ಅವನು ಎರಡು ಬಗೆಯ ಮನಸ್ಸುಗಳನ್ನು ಬೇರೆ ಮಾಡಿ ತೋರಿಸಿದ. ಒಂದು, ತನ್ನ ಕೇರಿಯ ಬದುಕಿಗೆ ಬೆಲೆ ಇದೆ ಎಂದು ಯಾರನ್ನೂ ಕೇಳದೆಯೇ ನಂಬುವ ಮನಸ್ಸು. ಇನ್ನೊಂದು, ದೂರದ ರಾಜಧಾನಿ ಏನನ್ನುತ್ತದೆ ಎಂದು ತಿಳಿಯುವವರೆಗೆ ತನ್ನ ಕಣ್ಣನ್ನೂ ನಂಬದ ಮನಸ್ಸು. ದೊಡ್ಡ ಸಾಹಿತ್ಯವೆಲ್ಲ ಮೊದಲ ಮನಸ್ಸಿನಿಂದ ಬರುತ್ತದೆ ಎಂಬುದು ಅವನ ವಾದ. 'ಬಿಗ್' ಹಾಡಿನ ಹುಡುಗ ತಾನು ದೊಡ್ಡವನಾಗುತ್ತೇನೆ ಎಂದು ಕೂಗುವಾಗ, ಲಂಡನ್ನಿಗೆ ಹೋಗಿ ದೊಡ್ಡವನಾಗುತ್ತೇನೆ ಎನ್ನುವುದಿಲ್ಲ. ತನ್ನ ಬಾಲ್ಯ ಸಣ್ಣದಾಗಿತ್ತು, ತಾನು ಮಾತ್ರ ದೊಡ್ಡವನಾಗುತ್ತೇನೆ, ಅದೂ ಈ ಮಳೆಯಲ್ಲೇ ಎನ್ನುತ್ತಾನೆ.

ಊರನ್ನು ಇವರು ಹೊಗಳುತ್ತ ಕೂತಿಲ್ಲ. 'ಬಾಯ್ಸ್ ಇನ್ ದಿ ಬೆಟರ್ ಲ್ಯಾಂಡ್' ಕೇಳಿ. ಅದರಲ್ಲೊಬ್ಬ ಟ್ಯಾಕ್ಸಿ ಡ್ರೈವರ್ ಬರುತ್ತಾನೆ. ಬ್ರಿಟಿಷರು ತೊಲಗಲಿ ಎಂದು ಉಗುಳುತ್ತಾನೆ, ಸೇದುವುದು ಕ್ಯಾರಲ್ಸ್ ಎಂಬ ಐರಿಷ್ ಸಿಗರೇಟು ಮಾತ್ರ. ಎಂಟು ಶತಮಾನದ ಇಂಗ್ಲಿಷ್ ಆಳ್ವಿಕೆಯ ನೋವು ಆ ಒಂದು ಸಿಗರೇಟಿನ ಪ್ಯಾಕೆಟ್ಟಿನಲ್ಲಿ ಬಂದು ಕೂತಿದೆ. ಹಿಂದಿನ ಸೀಟಿನಲ್ಲಿ ಕೂತು ಇದನ್ನು ಕೇಳಿಸಿಕೊಳ್ಳುವ ಹುಡುಗನನ್ನು ಹಾಡುತ್ತಿರುವವನು ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿದವನು ಎಂಬುದು ನೆನಪಿರಲಿ. ಅವನು ಡ್ರೈವರನ್ನು ಗೇಲಿ ಮಾಡುವುದಿಲ್ಲ, ಅವನ ಮಾತನ್ನು ಒಪ್ಪುವುದೂ ಇಲ್ಲ. ಪಲ್ಲವಿಯಲ್ಲಿ ಬರುವ 'ಇನ್ನೂ ಚೆಂದದ ನಾಡು' ಬೇರೆಲ್ಲೋ ಇದೆ, ಎಲ್ಲರೂ ಅತ್ತಲೇ ನೋಡುತ್ತಿದ್ದಾರೆ. ದೇಶದ ಮೇಲಿನ ಉರಿಯುವ ಅಭಿಮಾನ, ಆ ದೇಶ ಬಿಟ್ಟು ಹೋಗುವ ಆಸೆ ಎರಡೂ ಒಂದೇ ಟ್ಯಾಕ್ಸಿಯಲ್ಲಿ ಪ್ರಯಾಣ ಮಾಡುತ್ತಿವೆ. ಹಳ್ಳಿ ಬಿಟ್ಟ, ಊರು ಬಿಟ್ಟ, ದೇಶ ಬಿಟ್ಟ ಮನೆಗಳಲ್ಲಿ ಬೆಳೆದ ನಮ್ಮಲ್ಲಿ ಅನೇಕರಿಗೆ ಈ ಟ್ಯಾಕ್ಸಿ ಗೊತ್ತು.

ಆಗ ಡಬ್ಲಿನ್ನಿನಲ್ಲಿ ನಡೆಯುತ್ತಿದ್ದದ್ದೇನು? 1990ರ ದಶಕದಿಂದ ಐರ್ಲೆಂಡಿಗೆ ಹಣದ ಹೊಳೆ ಹರಿಯಿತು. 2008ರಲ್ಲಿ ಮನೆ-ನಿವೇಶನದ ಗುಳ್ಳೆ ಒಡೆಯಿತು, ಬ್ಯಾಂಕುಗಳು ಕುಸಿದವು, 2010ರಲ್ಲಿ ದೇಶ ಐರೋಪ್ಯ ಒಕ್ಕೂಟ ಮತ್ತು ಐ.ಎಂ.ಎಫ್. ಮುಂದೆ ಸಾಲಕ್ಕೆ ಕೈಯೊಡ್ಡಿತು. ಯುವಕರು ಆಸ್ಟ್ರೇಲಿಯಾ, ಕೆನಡಾ, ಇಂಗ್ಲೆಂಡಿಗೆ ಹೊರಟರು. ಆಮೇಲೆ ಹಣ ಮರಳಿ ಬಂತು, ಆದರೆ ಬೇರೆ ವೇಷದಲ್ಲಿ. ಗೂಗಲ್, ಫೇಸ್‌ಬುಕ್‌ನಂಥ ಕಂಪನಿಗಳ ಯುರೋಪ್ ಕಚೇರಿಗಳು ಡಬ್ಲಿನ್ನಿನಲ್ಲಿ ಬೆಳೆದವು, ಬಾಡಿಗೆ ಗಗನಕ್ಕೇರಿತು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಿಬರ್ಟೀಸಿನಲ್ಲಿ ಖಾಲಿ ಜಾಗ ಸಿಕ್ಕಲ್ಲೆಲ್ಲ ಹೋಟೆಲು, ಶ್ರೀಮಂತ ವಿದ್ಯಾರ್ಥಿಗಳ ಹಾಸ್ಟೆಲು ಎದ್ದವು. ಕಾಲೇಜಿದ್ದ ಅದೇ ಫ್ರಾನ್ಸಿಸ್ ಸ್ಟ್ರೀಟಿನಲ್ಲಿ ಟಿವೊಲಿ ಎಂಬ ಹಳೆಯ ರಂಗಮಂದಿರವಿತ್ತು. ನಾಟಕ, ಸಂಗೀತ, ರಾತ್ರಿ ಕುಣಿತ ಎಲ್ಲ ನಡೆಯುತ್ತಿದ್ದ ಜಾಗ. ಅದನ್ನೂ ಕೆಡವಿ ಹೋಟೆಲ್ ಕಟ್ಟಿದರು. ತಂಡ ತನ್ನ ಊರನ್ನು ಹಾಡಲು ಕಲಿತದ್ದು, ಆ ಊರು ಕೈಜಾರುತ್ತಿದ್ದ ವರ್ಷಗಳಲ್ಲೇ. 'ಡಾಗ್ರೆಲ್'ನ ಅವಸರಕ್ಕೆ ಅದೂ ಕಾರಣವೆಂದು ನಾನು ನಂಬಿದ್ದೇನೆ. ಬರೆದಿಡದಿದ್ದರೆ ನಾಳೆ ಇರುವುದಿಲ್ಲ ಎಂಬ ಅವಸರ ಅದು. ನಿರ್ಮಾಪಕ ಡ್ಯಾನ್ ಕೇರಿ ಅದನ್ನು ಸರಿಯಾಗಿ ಹಿಡಿದರು. ಕಂಪ್ಯೂಟರಿನಲ್ಲಿ ತುಂಡು ತುಂಡಾಗಿ ಜೋಡಿಸುವ ಬದಲು ಐವರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿ, ಒಟ್ಟಿಗೆ ನುಡಿಸಿ, ಟೇಪಿನ ಮೇಲೆ ಮುದ್ರಿಸಿಕೊಂಡರು. ಆ ಆಲ್ಬಮ್ ಅದೇ ವರ್ಷ, ಬ್ರಿಟನ್ ಮತ್ತು ಐರ್ಲೆಂಡಿನ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು.

ಇವರು ಒಂಟಿಯಾಗಿ ಎದ್ದವರಲ್ಲ. ಇವರಿಗಿಂತ ಮೊದಲೇ, 2011ರಲ್ಲಿ ಡಬ್ಲಿನ್ನಿನಲ್ಲಿ ಗರ್ಲ್ ಬ್ಯಾಂಡ್ ಎಂಬ ನಾಲ್ವರು ಗಂಡಸರ ತಂಡ ಶುರುವಾಗಿತ್ತು. ಈಗ ಗಿಲ್ಲಾ ಬ್ಯಾಂಡ್ ಎಂದು ಹೆಸರು ಬದಲಿಸಿಕೊಂಡಿದೆ. ಗಿಟಾರನ್ನು ಗಿಟಾರಿನಂತೆ ನುಡಿಸದೆ ಟೆಕ್ನೋ ಸಂಗೀತದ ಯಂತ್ರದಂತೆ ಕಿರುಚಿಸಿದ ಆ ತಂಡ ಮುಂದಿನವರ ಧೈರ್ಯ ಹೆಚ್ಚಿಸಿತು. ಅದರ ಬೇಸ್ ವಾದಕ ಡೇನಿಯಲ್ ಫಾಕ್ಸ್ ಮುಂದೆ 'ಸ್ಪ್ರಿಂಟ್ಸ್' ತಂಡದ 2024ರ ಮೊದಲ ಆಲ್ಬಮ್ಮನ್ನು ನಿರ್ಮಿಸಿದರು. 2024ರಲ್ಲೇ ಮೊದಲ ಆಲ್ಬಮ್ ತಂದ ಮತ್ತೊಂದು ಡಬ್ಲಿನ್ ತಂಡದ ಹೆಸರು 'ಗರಿಯರ್ಸ್'. ಡಬ್ಲಿನ್ ಆಡುಮಾತಿನಲ್ಲಿ ಗರಿಯರ್ ಎಂದರೆ ಪುಂಡ, ಬೀದಿ ಪೋಕರಿ. ಮನೆಯಲ್ಲಿ ಬೈಗುಳವಾಗಿ ಬಳಸುವ ಪದವನ್ನೇ ತಂಡದ ಹೆಸರಾಗಿ ಹೊತ್ತಿದ್ದಾರೆ. ಹೊಸದಾಗಿ ಮೇಲೇಳುತ್ತಿರುವ ಐರಿಷ್ ತಂಡಗಳನ್ನು ಹುಡುಕುವವರು ಈ ಎರಡರಿಂದ ಶುರುಮಾಡಬಹುದು.

ಫಾಂಟೇನ್ಸ್ ಮುಂದೆ ಲಂಡನ್ನಿಗೆ ಹೋದರು. ಊರು ಬಿಟ್ಟ ಮೇಲೆ ಊರಿನ ಹಾಡು ಏನಾಗುತ್ತದೆ ಎಂಬ ಪ್ರಶ್ನೆಗೆ 2022ರ 'ಸ್ಕಿಂಟಿ ಫಿಯಾ' ಉತ್ತರ ಕೊಡುತ್ತದೆ. ಈ ವಿಚಿತ್ರ ಹೆಸರು ಡ್ರಮ್ಮರ್ ಟಾಮ್ ಕಾಲ್‌ನ ಮನೆಯದು. ಐರಿಷ್ ಮಾತಾಡುತ್ತಿದ್ದ ಅವನ ಅಜ್ಜಿಯ ಪೀಳಿಗೆಯ ಬಂಧುವೊಬ್ಬರು ಕೋಪ ಬಂದಾಗ, ಕೈಯಿಂದ ಏನಾದರೂ ಜಾರಿದಾಗ ಗೊಣಗುತ್ತಿದ್ದ ಬೈಗುಳ. ಹೆಚ್ಚುಕಡಿಮೆ 'ಜಿಂಕೆಗೆ ಬಂದ ಕೇಡು' ಎಂದು ಅರ್ಥ. ಐರ್ಲೆಂಡಿನ ದೈತ್ಯ ಜಿಂಕೆ ಸಾವಿರಾರು ವರ್ಷದ ಹಿಂದೆ ಅಳಿದುಹೋದ ಪ್ರಾಣಿ. ಆಲ್ಬಮ್ಮಿನ ಮುಖಪುಟದಲ್ಲಿ ಒಂದು ಜಿಂಕೆ ಮನೆಯೊಳಗೆ ದಿಕ್ಕು ತಪ್ಪಿ ನಿಂತಿದೆ. ಪರದೇಶದ ಮನೆಯೊಳಗೆ ನಿಂತ ಐರಿಷ್‌ತನದ ಚಿತ್ರ ಅದು.

ಆ ಆಲ್ಬಮ್ಮಿನ ಮೊದಲ ಹಾಡಿನ ಹಿನ್ನೆಲೆ ತಿಳಿದರೆ ಹಾಡು ಬೇರೆಯೇ ಆಗಿ ಕೇಳುತ್ತದೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಬದುಕು ಕಳೆದ ಐರಿಷ್ ಮಹಿಳೆಯೊಬ್ಬರು ತೀರಿಕೊಂಡರು. ಅವರ ಗೋರಿಕಲ್ಲಿನ ಮೇಲೆ 'ಇನ್ ಆರ್ ಗ್ರೀಹ ಗೋ ಡ್ಯೋ' ಎಂದು ಐರಿಷ್‌ನಲ್ಲಿ ಕೆತ್ತಿಸಬೇಕೆಂದು ಮಕ್ಕಳು ಬಯಸಿದರು. 'ಎಂದೆಂದಿಗೂ ನಮ್ಮ ಎದೆಯಲ್ಲಿ' ಎಂದು ಅರ್ಥ. 2020ರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ನ್ಯಾಯಾಲಯ ಒಪ್ಪಲಿಲ್ಲ. ಇಂಗ್ಲಿಷ್ ಅನುವಾದ ಜೊತೆಗಿಲ್ಲದಿದ್ದರೆ ಅದನ್ನು ರಾಜಕೀಯ ಘೋಷಣೆ ಎಂದು ಜನ ತಿಳಿಯಬಹುದು ಎಂದಿತು ತೀರ್ಪು. ತಾಯಿಯ ಗೋರಿಯ ಮೇಲೆ ತಾಯ್ನುಡಿಯ ಐದು ಪದ! ಕುಟುಂಬ ಮೇಲ್ಮನವಿ ಹೋಯಿತು, 2021ರಲ್ಲಿ ಗೆದ್ದಿತು. ಫಾಂಟೇನ್ಸ್ ಆ ಪದಗಳನ್ನೇ ಹಾಡಿನ ಹೆಸರಾಗಿ ಇಟ್ಟುಕೊಂಡರು. ಹಾಡಿನಲ್ಲಿ ಅದೇ ಸಾಲು ಇಗರ್ಜಿಯ ಮೇಳಗಾನದಂತೆ ಮೇಲಿಂದ ಮೇಲೆ ಬರುತ್ತದೆ. ಆರಂಭದಲ್ಲಿ ಬರೀ ದನಿ. ನಿಧಾನವಾಗಿ ಬೇಸ್ ಸೇರಿ, ಡ್ರಮ್ಮು ಸೇರಿ, ಪ್ರಾರ್ಥನೆಯಂತಿದ್ದದ್ದು ಹಟವಾಗಿ ಮಾರ್ಪಡುತ್ತದೆ. ಎಲ್ಲೂ ಅನುವಾದ ಕೊಟ್ಟಿಲ್ಲ. ನ್ಯಾಯಾಲಯ ಕೇಳಿದ್ದನ್ನು ಹಾಡು ಕೊಡಲಿಲ್ಲ.

ಅದೇ ಆಲ್ಬಮ್ಮಿನ 'ಐ ಲವ್ ಯೂ' ದೇಶಕ್ಕೆ ಬರೆದ ಪ್ರೇಮಪತ್ರದಂತೆ ಶುರುವಾಗಿ ಅರ್ಧದಾರಿಯಲ್ಲಿ ಆರೋಪಪಟ್ಟಿಯಾಗುತ್ತದೆ. ಗಾಲ್ವೇ ಜಿಲ್ಲೆಯ ಟ್ಯೂಮ್ ಊರಿನಲ್ಲಿ ಮದುವೆಯಾಗದೆ ಬಸಿರಾದ ಹೆಂಗಸರನ್ನು ಇಡುತ್ತಿದ್ದ ಕ್ರೈಸ್ತ ಸನ್ಯಾಸಿನಿಯರ ಆಶ್ರಯಧಾಮವಿತ್ತು, 1961ರಲ್ಲಿ ಮುಚ್ಚಿತು. ಅಲ್ಲಿ ಸತ್ತ 796 ಮಕ್ಕಳಿಗೆ ಸರಿಯಾದ ಗೋರಿಯ ದಾಖಲೆಯೇ ಇಲ್ಲವೆಂದು ದಶಕಗಳ ನಂತರ ಬೆಳಕಿಗೆ ಬಂತು. ಆ ಮಕ್ಕಳ ಮೂಳೆ, ಮನೆ ಸಿಗದೆ ಊರು ಬಿಡುತ್ತಿರುವ ಯುವಕರು, ಆಳುವವರ ದಪ್ಪ ಚರ್ಮ, ಎಲ್ಲದರ ಮೇಲೆ ತಾನು ಹೊರಗೆ ಹೋಗಿ ಗೆದ್ದೆನಲ್ಲ ಎಂಬ ಪಾಪಪ್ರಜ್ಞೆ. ಹಾಡಿನ ಕೊನೆಗೆ ಚಾಟನ್ ಉಸಿರು ತೆಗೆದುಕೊಳ್ಳಲೂ ನಿಲ್ಲುವುದಿಲ್ಲ. ಈ ಆಲ್ಬಮ್ ಬ್ರಿಟನ್, ಐರ್ಲೆಂಡ್ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿತು. ಇದೇ ಆಲ್ಬಮ್ಮಿನಲ್ಲಿ 'ಬ್ಲೂಮ್ಸ್‌ಡೇ' ಎಂಬ ಹಾಡೂ ಇದೆ. 1904ರ ಜೂನ್ 16ರ ಒಂದೇ ದಿನದ ಡಬ್ಲಿನ್ನನ್ನು ಬರೆದ ಜಾಯ್ಸ್‌ನ ಕಾದಂಬರಿಯ ನೆನಪಿಗೆ ಐರಿಷರು ಆಚರಿಸುವ ದಿನ ಅದು. ಜಾಯ್ಸ್ ಆ ವರ್ಷವೇ ಊರು ಬಿಟ್ಟವನು. ಉಳಿದ ಬದುಕಿನುದ್ದಕ್ಕೂ ಬೇರೆ ಊರುಗಳಲ್ಲಿ ಕೂತು ಬರೆದದ್ದು ಡಬ್ಲಿನ್ನನ್ನೇ.

2024ರ 'ರೊಮಾನ್ಸ್' ಬಂದಾಗ ಹಲವರು ದೂರಿದರು: ಡಬ್ಲಿನ್ ಎಲ್ಲಿ, ಪೋಸ್ಟ್-ಪಂಕ್ ಎಲ್ಲಿ? ದೂರಿನಲ್ಲಿ ಸತ್ಯವಿದೆ. ನಿರ್ಮಾಪಕ ಬದಲಾದರು, ಹಿಪ್-ಹಾಪ್ ಬಡಿತ, ತಂತಿವಾದ್ಯಗಳ ಮೆರುಗು ಬಂತು. ತಂಡ ಈಗ ಸಾವಿರಾರು ಜನ ಸೇರುವ ಮೈದಾನಗಳಲ್ಲಿ ನುಡಿಸುತ್ತದೆ. 'ಸ್ಟಾರ್‌ಬರ್ಸ್ಟರ್' ಹಾಡು ಹುಟ್ಟಿದ್ದು ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದಲ್ಲಿ, ಚಾಟನ್‌ಗೆ ಇದ್ದಕ್ಕಿದ್ದಂತೆ ಎದೆ ಹಿಡಿದು ಗಾಬರಿ ಹತ್ತಿದ ಹೊತ್ತಿನಿಂದ. ಸಾಲು ಸಾಲಿನ ನಡುವೆ ಅವನು ಜೋರಾಗಿ ಉಸಿರೆಳೆಯುವ ಸದ್ದನ್ನು ಹಾಗೇ ಉಳಿಸಿದ್ದಾರೆ. ಅಲ್ಲಿ ಲಿಬರ್ಟೀಸ್ ಇಲ್ಲ, ಮಳೆಯ ಬೀದಿ ಇಲ್ಲ. ಆದರೆ ಆ ಉಸಿರು ಮುಗಿದು ಮಾತು ಶುರುವಾಗುವ ಕ್ಷಣವನ್ನು ಹೆಡ್‌ಫೋನ್ ಹಾಕಿಕೊಂಡು ಗಮನಿಸಿ. ನಾಲಿಗೆ ಹಲ್ಲಿಗೆ ತಾಗುತ್ತದೆ, ಪದದ ಕೊನೆಯ 'ರ್' ಹಾಗೇ ಉಳಿದಿರುತ್ತದೆ. ಅದನ್ನು ಕೇಳಿಸಿಕೊಂಡ ಮೇಲೆ ಮತ್ತೆ 'ಡಾಗ್ರೆಲ್'ಗೆ ಹೋಗಿ, ಈ ಸಲ ಕೊನೆಯಿಂದ ಶುರುಮಾಡಿ. 'ಡಬ್ಲಿನ್ ಸಿಟಿ ಸ್ಕೈ'ನಲ್ಲಿ ಅಬ್ಬರವೆಲ್ಲ ಇಳಿದು, ಪಬ್ಬು ಮುಚ್ಚುವ ಹೊತ್ತಿಗೆ ಉಳಿದವನೊಬ್ಬ ಗಿಟಾರಿನ ಜೊತೆ ಹಳೆಯ ಲಾವಣಿ ಹಾಡಿದ ಹಾಗೆ ಚಾಟನ್ ಹಾಡುತ್ತಾನೆ. ಪದಗಳೂ ಅಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ.